ಬುಶ್‌ನ ಒಳಮೈ

ಕಂಚಿನ ಬುಶ್, ಅಂದರೆ ತಿರುಗುವ ದಂಡಕ್ಕೆ ತೊಡಿಸುವ ದಪ್ಪ ಬಳೆ, ಎರೆಯುವ ನಮ್ಮ ಫೌಂಡ್ರಿಯಲ್ಲಿ ಪರೀಕ್ಷೆಯ ಸ್ಯಾಂಪಲ್ಲನ್ನು ಯಾವಾಗಲೂ ಹೊರ ಅಂಚಿನಿಂದಲೇ ಕತ್ತರಿಸುತ್ತಿದ್ದರು. ಕರಗಿದ ಲೋಹವನ್ನು ಗಿರಗಿರ ತಿರುಗುವ ಅಚ್ಚಿಗೆ ಸುರಿದಾಗ ಹೊರಗಿನ ಪದರ ಅಚ್ಚಿಗೆ ತಾಗಿ ಬೇಗ ಗಟ್ಟಿಯಾಗುತ್ತದೆ. ಲೋಹದ ಹರಳುಗಳು ಸಣ್ಣಗಿರುತ್ತವೆ, ಪಾಲಿಶ್ ಚೆನ್ನಾಗಿ ಬರುತ್ತದೆ. ಡೊಂಬಿವಲಿ ಎಂಐಡಿಸಿ ಕೈಗಾರಿಕಾ ವಸಾಹತಿನ ಈ ಫೌಂಡ್ರಿಯ ಲ್ಯಾಬಿಗೆ ಸೇರಿದಾಗ ನನಗೂ ಇದನ್ನೇ ಕಲಿಸಿದರು. ಎಂ.ಟೆಕ್ ಓದಿದ್ದರೂ ನಾನು ಪ್ರಶ್ನಿಸಲಿಲ್ಲ.

ಆ ದಿನ ಗರಗಸ ಜಾರಿ, ಬುಶ್ ಗೋಡೆಯ ಪೂರ್ತಿ ದಪ್ಪದ ತುಂಡು ಬಂತು. ಇನ್ನೊಂದು ಕತ್ತರಿಸಲು ಸಮಯವಿರಲಿಲ್ಲ. ಹಾಗೆಯೇ ಉಜ್ಜಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಈ ಕಂಚಿನಲ್ಲಿ ಸೀಸ ಬೆರೆತುಹೋಗುವುದಿಲ್ಲ, ಕಪ್ಪು ಚುಕ್ಕಿಗಳಾಗಿ ಉಳಿಯುತ್ತದೆ. ಎಣ್ಣೆ ಕಡಿಮೆಯಾದಾಗಲೂ ಬುಶ್ ಒಳಗಿನ ದಂಡ ಸಲೀಸಾಗಿ ತಿರುಗುವುದು ಆ ಚುಕ್ಕಿಗಳಿಂದ. ಹೊರ ಅಂಚಿನಲ್ಲಿ ಅವು ಒತ್ತೊತ್ತಾಗಿದ್ದವು. ತುಂಡನ್ನು ಸರಿಸುತ್ತ ಒಳಗೆ ಹೋದಂತೆ ವಿರಳವಾದವು. ದಂಡ ಕೂರುವ ಒಳಮೈಯ ಹತ್ತಿರ ಬರೀ ಹೊಂಬಣ್ಣ.

ಅದೇ ಲಾಟಿನ ಹನ್ನೆರಡು ಬುಶ್‌ಗಳನ್ನು ಹೊರಗೆ ಟೆಂಪೊದಲ್ಲಿ ಹೇರಿಯಾಗಿತ್ತು. ಉಕ್ಕಿನ ಕಾರ್ಖಾನೆಯೊಂದರ ಕ್ರೇನ್ ಚಕ್ರಗಳಿಗೆ ಅವು. ಕ್ರೇನ್ ಹೊತ್ತೊಯ್ಯುವುದು ಕಾದ ಉಕ್ಕನ್ನು. ಬುಶ್ ಬಿಗಿದು ಚಕ್ರ ತಟ್ಟನೆ ನಿಂತರೆ ಹೊರೆ ಜೋಲಿ ಹೊಡೆಯುತ್ತದೆ, ಕೆಳಗೆ ಜನ ಇರುತ್ತಾರೆ. ನನ್ನ ಸಹಿಯೊಂದು ಬಾಕಿ ಇತ್ತು. ವರದಿಯ ನಮೂನೆ ಕೇಳುವುದು ಹೊರ ಅಂಚಿನ ಫಲಿತಾಂಶವನ್ನು ಮಾತ್ರ. ಅಷ್ಟನ್ನೇ ಬರೆದುಕೊಟ್ಟಿದ್ದರೆ ಒಂದಕ್ಷರವೂ ಸುಳ್ಳಾಗುತ್ತಿರಲಿಲ್ಲ.

ಫೋರ್‌ಮನ್ ಉಡುಪಿ ಕಡೆಯವರು. ನಾನು ಮಾಮ ಎಂದೇ ಕರೆಯುತ್ತಿದ್ದೆ.

"ಮಾಮ, ಅಚ್ಚಿನ ಸ್ಪೀಡ್ ಜಾಸ್ತಿ ಆಗಿದೆಯಾ?"

"ಎಂತ ಸ್ಪೀಡ್ ಮಾರಾಯ್ತಿ? ನೀನು ತೊಟ್ಟಿಲಲ್ಲಿ ಇದ್ದಾಗಲೇ ನಾನು ಬುಶ್ ಎರೆದವ. ನಿನ್ನ ಆ ದುರ್ಬೀನಿಗೆ ಯಾರದ್ದೋ ದೃಷ್ಟಿ ಆಗಿದೆ, ಒಂದು ತಾಯತ ಕಟ್ಟಿಸು."

"ಒಳಗೆ ಸೀಸವೇ ಇಲ್ಲ ಮಾಮ. ಭಾರದ್ದಲ್ಲವಾ, ಎಲ್ಲ ಹೊರಗೆ ಓಡಿದೆ."

ಅವರ ನಗು ನಿಂತಿತು. "ಅಚ್ಚು ತಿರುಗಿಸುವ ಮೋಟಾರಿನ ಪುಲ್ಲಿ ಸೀಳಿತ್ತಲ್ಲ, ಸ್ಟೋರಲ್ಲಿದ್ದದ್ದು ಹಾಕಿದೆ. ಒಂದು ಬೆರಳಷ್ಟು ದೊಡ್ಡದು. ಅಷ್ಟಕ್ಕೆ ಸ್ಪೀಡ್ ಎಷ್ಟು ಏರ್ತದೆ ಅಂತ..."

"ಯಾವಾಗ?"

"ಹೋದ ಸೋಮವಾರ."

ಹೋದ ಗುರುವಾರ ಎಂಟು ಬುಶ್‌ಗಳು ಅದೇ ಕಾರ್ಖಾನೆಗೆ ಹೋಗಿದ್ದವು, ನನ್ನ ಸಹಿಯೊಂದಿಗೆ.

ಅಷ್ಟರಲ್ಲಿ ಮಾಲೀಕರು ಬಾಗಿಲಿಗೆ ಬಂದರು. "ಮ್ಯಾಡಮ್, ಟೆಂಪೊ ಕಬ್ ಸೆ ಖಡಾ ಹೈ! ಸಹಿ ಕರೋ ನಾ." ಟೆಂಪೊ ಆಗಿನಿಂದ ಕಾಯುತ್ತಿದೆ ಎಂದು.

ತಯಾರಾದ ಬುಶ್ ಒಂದನ್ನು ಕತ್ತರಿಸಿ ನೋಡಬೇಕು ಎಂದೆ. ಅವರು ನನ್ನನ್ನು ಬಿಟ್ಟು ಫೋರ್‌ಮನ್ ಮುಖ ನೋಡಿದರು. ಮಾಮ ಟೆಂಪೊ ಹತ್ತಿ, ಒಂದು ಬುಶ್ ಇಳಿಸಿ, ತಾವೇ ಗರಗಸಕ್ಕೆ ಕೊಟ್ಟರು. ನಾನು ತುಂಡನ್ನು ಉಜ್ಜುತ್ತಿದ್ದಷ್ಟು ಹೊತ್ತೂ ಇಬ್ಬರೂ ಹಿಂದೆಯೇ ನಿಂತಿದ್ದರು. ನೋಡಿದೆ. ಮಾಮನಿಗೆ ಜಾಗ ಬಿಟ್ಟೆ. ಅವರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟದ್ದನ್ನು ನಾನು ಮೊದಲು ಕಂಡಿರಲಿಲ್ಲ.

"ಒಳಗೆ ಬೋಳು," ಎಂದರು, ಮಾಲೀಕರಿಗೂ ಅದನ್ನೇ ಹಿಂದಿಯಲ್ಲಿ ಹೇಳಿದರು.

ಟೆಂಪೊ ಖಾಲಿ ಮಾಡಲು ಮಾಲೀಕರು ಒಪ್ಪಿದರು. "ಲೇಕಿನ್ ಪಿಛಲಾ ಲಾಟ್ ತೊ ಗಯಾ. ಉಸ್ಕಾ ನಾಮ್ ಮತ್ ಲೋ." ಹೋದ ವಾರದ್ದರ ಸುದ್ದಿಯೇ ಬೇಡ ಎಂದು.

ಮಾಮ ತಮ್ಮ ಮೊಬೈಲನ್ನು ಮೇಜಿನ ಮೇಲಿಟ್ಟರು. ಪರದೆಯಲ್ಲಿ ಆ ಕಾರ್ಖಾನೆಯ ಎಂಜಿನಿಯರರ ನಂಬರ್ ಇತ್ತು. "ಪುಲ್ಲಿ ಹಾಕಿದವ ನಾನು ಅಂತ ಹೇಳು," ಎಂದರು.

ಮಾಲೀಕರು ನೋಡುತ್ತಿರುವಂತೆಯೇ ಫೋನ್ ಮಾಡಿದೆ. ಸ್ಯಾಂಪಲ್ಲನ್ನು ತಪ್ಪು ಜಾಗದಿಂದ ತೆಗೆದಿದ್ದೆವು, ವರದಿಯ ಸಹಿ ನನ್ನದು, ಆ ಎಂಟು ಬುಶ್‌ಗಳನ್ನು ಬಳಸಬೇಡಿ ಎಂದೆ. ಪುಲ್ಲಿಯ ವಿಷಯ ಹೇಳಲಿಲ್ಲ.

ನಿನ್ನೆಯೇ ಕೂರಿಸಿದ್ದೇವೆ, ಎಂದರು ಆ ಕಡೆಯಿಂದ. ಅವರ ಮಾತಿನ ಹಿಂದೆ ಕ್ರೇನ್ ಓಡುವಾಗ ಮೊಳಗುವ ಸೈರನ್ ಕೇಳುತ್ತಿತ್ತು. ಶಿಫ್ಟ್ ಮುಗಿಯಲಿ, ನೋಡೋಣ, ಎಂದರು.

"ಅಭೀ ಬಂದ್ ಕೀಜಿಯೆ ಸರ್," ಎಂದೆ. ಈಗಲೇ ಕ್ರೇನ್ ನಿಲ್ಲಿಸಿ ಎಂದು. ದನಿ ನನಗೇ ಗುರುತಾಗದಷ್ಟು ಜೋರಾಗಿತ್ತು.

ಮಾಲೀಕರು ಹೊರಗೆ ನಡೆದರು. ಆ ಕಡೆ ಯಾರೋ ಯಾರನ್ನೋ ಕೂಗಿದರು. ನಾನು ಫೋನನ್ನು ಕಿವಿಗೊತ್ತಿಕೊಂಡು ನಿಂತೆ. ಬಹಳ ಹೊತ್ತಿನ ಮೇಲೆ ಸೈರನ್ ನಿಂತಿತು.