ನಾನು ಎಣ್ಣೆ ತೊಳೆದ ಅಮ್ಮ

2006ರಲ್ಲಿ ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕಿ. ಕಲಾ ಇತಿಹಾಸ ನನ್ನ ಸಂಶೋಧನೆಯ ಕ್ಷೇತ್ರ. ಶಿಲ್ಪಿಗಳು ಹೆಣ್ಣನ್ನು ಹೇಗೆ ಕೆತ್ತಿದರು, ವಿದ್ವಾಂಸರು ಅವಳನ್ನು ಹೇಗೆ ಬರೆದಿಟ್ಟರು ಅಥವಾ ಬರೆಯದೇ ಬಿಟ್ಟರು ಎಂದು ಕೆದಕುವುದೇ ನನ್ನ ಕೆಲಸವಾಗಿತ್ತು. “ಮೇಡಂಗೆ ಕಲ್ಲಿನಾಗೂ ಜಗಳ ಕಾಣ್ತದ” ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ಕಾಣುತ್ತಿದ್ದದ್ದು ನಿಜ, ನಾನೇನೂ ಅಲ್ಲಗಳೆಯುತ್ತಿರಲಿಲ್ಲ.

ಸಂಶೋಧಕರೆಲ್ಲ ಹಂಪಿಗೆ ಓಡುತ್ತಿದ್ದ ಕಾಲದಲ್ಲಿ ನಾನು ಸಂಡೂರಿನ ಕಡೆ ಹೊರಟೆ. ಅದಿರಿನ ಲಾರಿಗಳ ಭರಾಟೆಯಲ್ಲಿ ಆ ದಾರಿಯ ಮರ, ಮನೆ, ಮನುಷ್ಯರು ಎಲ್ಲ ಒಂದೇ ಕೆಂಪು. ರಸ್ತೆಯಂಚಿನ ಒಂದು ಜೋಳದ ಹೊಲದ ಬದುವಿನಲ್ಲಿ ಮೂರಡಿ ಎತ್ತರದ ವೀರಗಲ್ಲು ಇತ್ತು. ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸುವ ಕಲ್ಲು ಅದು. ಹಳೆಯ ಪಟ್ಟಿಯೊಂದರಲ್ಲಿ ಅದನ್ನು ‘ಪುರುಷ ವೀರ’ ಎಂದು ಬರೆದಿದ್ದರು. ಊರಿನವರಿಗೆ ಮಾತ್ರ ಅದು ಅಮ್ಮ. ಹೆರಿಗೆಯಾದ ಮನೆಯಿಂದ ಒಂದು ಬಟ್ಟಲು ಎಣ್ಣೆ ತಂದು ಅದರ ಮೇಲೆ ಸುರಿದು, ಅರಿಶಿನ ಕುಂಕುಮ ಮೆತ್ತಿದ ಮೇಲೆಯೇ ಬಾಣಂತಿ ಹೊಸ್ತಿಲು ದಾಟುವುದು ರೂಢಿ. ಎಷ್ಟೋ ತಲೆಮಾರಿನ ಎಣ್ಣೆ ಗಟ್ಟಿಯಾಗಿ, ಕೆತ್ತನೆ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ನಾನು ಬೆರಳಾಡಿಸಿ ನೋಡಿದೆ. ತುರುಬು, ಎದೆ, ಬಳೆ, ಎತ್ತಿದ ಕತ್ತಿ. ಗಂಡನ ಹಿಂದೆ ಸತ್ತವಳಲ್ಲ, ತಾನೇ ಹೋರಾಡಿ ಬಿದ್ದವಳು! ಆ ಕ್ಷಣ ನನಗೆ ಹುಚ್ಚೇ ಹಿಡಿದಂತಾಯಿತು.

ಹೊಲದ ಒಡತಿ ಹನುಮಕ್ಕನೇ ಅಮ್ಮನನ್ನು ನೋಡಿಕೊಳ್ಳುತ್ತಿದ್ದವರು. ರಸ್ತೆ ಅಗಲ ಮಾಡುವ ಸುದ್ದಿ ಹಬ್ಬಿ ಅವರಿಗೂ ದಿಗಿಲು. ಸರ್ಕಾರದ ಸಂರಕ್ಷಿತ ಪಟ್ಟಿಗೆ ಸೇರಿದರೆ ಯಾರೂ ಮುಟ್ಟುವಂತಿಲ್ಲ, ಅದಕ್ಕೆ ಸ್ಪಷ್ಟವಾದ ಫೋಟೋ ಮತ್ತು ಪಡಿಯಚ್ಚು ಬೇಕು ಎಂದು ನಾನು ತಿಳಿಹೇಳಿದೆ. ಪಡಿಯಚ್ಚು ಎಂದರೆ ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ ಮಸಿ ತಟ್ಟಿ ತೆಗೆಯುವ ಪ್ರತಿ. ಎಣ್ಣೆ ಇದ್ದರೆ ಕಾಗದ ಹಿಡಿಯುವುದಿಲ್ಲ.

“ಅಮ್ಮನ ಮೈ ತೊಳದು ಬರಿಗಲ್ಲು ಮಾಡ್ತೀರೇನ್ರಿ? ಬ್ಯಾಡ್ರಿ ಮೇಡಂ” ಎಂದರು ಹನುಮಕ್ಕ.

“ಆಕೆ ಯಾರು ಅಂತ ಲೋಕಕ್ಕೆ ತೋರಿಸೋಣ ಹನುಮಕ್ಕ. ಇಷ್ಟು ದಿನ ಮುಚ್ಚಿಟ್ಟಿದ್ದು ಸಾಕು” ಎಂದೆ. ಭಾಷಣ ನನಗೆ ಚೆನ್ನಾಗಿ ಬರುತ್ತಿತ್ತು. ಹನುಮಕ್ಕ ಒಪ್ಪಿದರು.

ಬಿದಿರಿನ ಸೀಳು, ಮೆತ್ತನೆಯ ಬ್ರಷ್, ಬಿಸಿನೀರು ಹಿಡಿದು ಎರಡು ದಿನ ಕೂತೆ. ಮುಖ ಹೊರಬಂದಾಗ ನಾನು ಅತ್ತೆ. ಪಡಿಯಚ್ಚು ಸೊಗಸಾಗಿ ಬಂತು. ಅಧಿಕಾರಿಗಳು ಬಂದು ನೋಡುವವರೆಗೆ ಒಂದು ಹನಿ ಎಣ್ಣೆಯನ್ನೂ ಹಾಕಬಾರದು ಎಂದು ಹನುಮಕ್ಕನಿಗೆ ತಾಕೀತು ಮಾಡಿ ಬಂದೆ. ಅವರು ಚಾಚೂ ತಪ್ಪದೆ ಪಾಲಿಸಿದರು. ಎಣ್ಣೆ ತಂದ ಹೆಂಗಸರನ್ನು ವಾಪಸು ಕಳಿಸಿ ಅವರಿಂದ ಚುಚ್ಚುಮಾತೂ ಕೇಳಿದರು.

ನಾನು ಕೊಟ್ಟ ಅರ್ಜಿ ಪುರಾತತ್ವ ಇಲಾಖೆಯ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ತೆವಳಿತು. ಹಳೆಯ ಪಟ್ಟಿಯಲ್ಲಿ ಪುರುಷ ಎಂದಿದೆ, ನೀವು ಸ್ತ್ರೀ ಎನ್ನುತ್ತೀರಿ, ಹಾಗಾದರೆ ಇದು ಬೇರೆ ಕಲ್ಲೇ ಇರಬೇಕು ಎಂದು ಒಮ್ಮೆ ಹಿಂದಕ್ಕೆ ಬಂತು. ವಿವರಣೆ ಬರೆದು ಮತ್ತೆ ಕೊಟ್ಟೆ. ನಾಲ್ಕು ತಿಂಗಳಲ್ಲಿ ಒಂಬತ್ತು ಸಲ ಆ ಮೆಟ್ಟಿಲು ಹತ್ತಿದೆ. ಸಿಕ್ಕಿದ್ದು ಒಂದು ಸ್ವೀಕೃತಿ ಚೀಟಿ ಮಾತ್ರ.

ಒಂದು ಬೆಳಿಗ್ಗೆ ಹನುಮಕ್ಕ ಕಾಲೇಜಿಗೆ ಫೋನ್ ಮಾಡಿದರು. “ಮಶೀನ್ ಬಂದದ್ರಿ. ಜಲ್ದಿ ಬರ್ರಿ.” ಸಿಕ್ಕಿದ ಬಸ್ಸು ಹತ್ತಿದೆ. ದಾರಿಯಲ್ಲಿ ಲಾರಿಗಳ ಸಾಲು ಅಲುಗಾಡದೆ ನಿಂತಿತ್ತು. ಒಂದು ಗಂಟೆಯ ದಾರಿಗೆ ಮೂರು ಗಂಟೆ ಹಿಡಿಯಿತು. ಬಸ್ಸಿನಲ್ಲಿ ಕೂತು ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ತಲುಪುವಷ್ಟರಲ್ಲಿ ಬದುವೇ ಇರಲಿಲ್ಲ. ಕಲ್ಲು ಒಡೆದು ಹೊಸ ರಸ್ತೆಯ ತಳಕ್ಕೆ ಸೇರಿ, ಅದರ ಮೇಲೆ ರೋಲರ್ ಓಡಾಡುತ್ತಿತ್ತು.

ಮಶೀನ್ ಓಡಿಸುವವನ ಮೇಲೆ ಕೂಗಾಡಿದೆ. ಅವನು ಪಾಪ, ಇಳಿದು ಬಂದು ತಲೆ ಕೆರೆದುಕೊಂಡ. “ಎಣ್ಣಿ ಕುಂಕುಮ ಇರೋ ಕಲ್ಲು ನಾವು ಮುಟ್ಟಂಗಿಲ್ರಿ. ಅಲ್ಲಿ ನೋಡ್ರಿ, ಹುತ್ತದ ಹತ್ರ ಎರಡು ಬಿಟ್ಟೀವಿ. ಈ ಯಮ್ಮ ಅಡ್ಡ ನಿಂತು ಅಮ್ಮ ಅಂದ್ಲು. ಅಮ್ಮ ಆಗಿದ್ರ ಮೈಮ್ಯಾಲ ಒಂದು ಹನಿ ಎಣ್ಣಿನಾರ ಇರ್ತಿತ್ತಲ್ರಿ?”

ನಾನು ಹನುಮಕ್ಕನ ಕಡೆ ತಿರುಗಿದೆ.

ಹನುಮಕ್ಕ ನನಗೆ ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಏನು ಮಾಡಬೇಕೋ ತೋಚದೆ ಚೀಲದಲ್ಲಿದ್ದ ಪಡಿಯಚ್ಚನ್ನು ತೆಗೆದು ಅವರ ಕೈಗಿಟ್ಟೆ. ಬಿಡಿಸಿ ಬಹಳ ಹೊತ್ತು ನೋಡಿದರು.

“ಭಾಳ ಚಂದ ಅದಾಳ್ರಿ” ಎಂದರು. “ಮುಂದಿನ ತಿಂಗಳು ನಮ್ಮ ಸೊಸಿ ಹೆರಿಗಿ ಐತಿ. ಎಣ್ಣಿ ಎಲ್ಲಿಗೆ ಒಯ್ಯಲಿ? ಇದಕ್ಕ ಹಾಕಿದ್ರ ಕಾಗದ ಹಾಳಾಕ್ಕತ್ರಿ.” ಜೋಪಾನವಾಗಿ ಸುತ್ತಿ ನನಗೇ ವಾಪಸು ಕೊಟ್ಟರು.

ಆ ಪಡಿಯಚ್ಚು ನನಗೆ ಹೆಸರು ತಂದಿತು. ಅದನ್ನು ತೋರಿಸಿದಾಗಲೆಲ್ಲ ಸಭೆ ಚಪ್ಪಾಳೆ ತಟ್ಟಿದೆ, ಪ್ರತಿ ಸಲವೂ ನನಗೆ ನಾಚಿಕೆಯಾಗಿದೆ. ಒಂದು ಶಿಲ್ಪವನ್ನು ಮುಟ್ಟುವ ಮೊದಲು, ಇಷ್ಟು ಕಾಲ ಇದನ್ನು ಕಾದವರು ಯಾರು, ಯಾವ ರೀತಿಯಲ್ಲಿ ಕಾದರು ಎಂದು ಕೇಳಬೇಕು. ವೃತ್ತಿ ನನಗೆ ಕಲಿಸಿದ ಪಾಠ ಇಷ್ಟೇ. ಹೆಂಗಸರ ಚರಿತ್ರೆಯನ್ನು ಉಳಿಸುತ್ತೇನೆಂದು ಹೊರಟ ನಾನು, ಅದನ್ನು ಉಳಿಸಿಕೊಂಡೇ ಬಂದಿದ್ದ ಹೆಂಗಸರ ಕೈಯಿಂದ ಎಣ್ಣೆಬಟ್ಟಲು ಕಿತ್ತುಕೊಂಡಿದ್ದೆ.