ಹಟ್ಟಿಯಾಚೆ ಕೂತ ಸಿಸ್ಟರಮ್ಮ

ಭಾನುವಾರದೊಳಗೆ ಕಾನ್ವೆಂಟಿಗೆ ಮರಳಬೇಕು, ಇದೇ ಕೊನೆಯ ಮಾತು ಎಂದು ಮದರ್ ಫೋನಿಟ್ಟಾಗ ಸಿಸ್ಟರ್ ಜಸಿಂತಾ ರಾಂಪುರದ ಬಾಡಿಗೆ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಜೊತೆಗಿದ್ದ ಕಿರಿಯ ಸಿಸ್ಟರ್ ಲೂರ್ದು ಇನ್ನೊಂದು ಬಟ್ಟೆ ಹಿಂಡಿ ಕೊಟ್ಟಳು. ಜಸಿಂತಾಳ ಮುಖ ನೋಡಿಯೇ ಅವಳಿಗೆ ವಿಷಯ ತಿಳಿದಿತ್ತು.

ಜಸಿಂತಾ ಈ ಸೀಮೆಗೆ ಹೊಸಬಳಲ್ಲ. ತಳಕು ಸ್ಟೇಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಹಳಿ ರಿಪೇರಿಯ ಗ್ಯಾಂಗ್‌ಮನ್. ಕನ್ನಡ, ತೆಲುಗು ಎರಡೂ ಬಾಯಿಗೆ ಸಲೀಸು. ಹೈಸ್ಕೂಲು ಮುಗಿಸಿ ಕಾನ್ವೆಂಟ್ ಸೇರಿದಳು, ನರ್ಸಿಂಗ್ ಕಲಿತಳು, ಆಮೇಲೆ ವರ್ಷಗಟ್ಟಲೆ ತಮ್ಮ ಸನ್ಯಾಸಿನಿ ಸಭೆಯ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದಳು. ಅಲ್ಲಿಗೆ ತನ್ನ ಕಡೆಯ ಹೆಂಗಸರು ಬರುತ್ತಿದ್ದುದು ಪ್ರಾಣ ಬಾಯಿಗೆ ಬಂದ ಮೇಲೆಯೇ. ಕುರಿ ಕಾಯುವವರ ಕೆಲವು ಹಟ್ಟಿಗಳಲ್ಲಿ ನೋವು ಶುರುವಾದ ಕೂಡಲೇ ಬಸುರಿಯನ್ನು ಊರಾಚೆಯ ಗುಡಿಸಲಿಗೆ ಕಳಿಸುತ್ತಿದ್ದರು. ಸೂತಕ ಕಳೆಯುವವರೆಗೆ ಬಾಣಂತಿಯೂ ಕೂಸೂ ಅಲ್ಲೇ. ಅವರನ್ನು ಮುಟ್ಟಿದವರೂ ದೇವರಿರುವ ಹಟ್ಟಿಯೊಳಗೆ ಕಾಲಿಡುವಂತಿರಲಿಲ್ಲ. ಜಸಿಂತಾ ಮದರ್ ಹತ್ತಿರ ಹಟ ಹಿಡಿದು, ಒಂದು ವರ್ಷದ ಅನುಮತಿ ಪಡೆದು ರಾಂಪುರಕ್ಕೆ ಬಂದಿದ್ದಳು. ಆ ವರ್ಷ ಈಗ ಮುಗಿದಿತ್ತು.

ಶನಿವಾರ ಬೆಳಿಗ್ಗೆ ಸಿದ್ಧಾಪುರದ ದಾರಿಯ ಹಟ್ಟಿಯಿಂದ ಪಾಲಮ್ಮನ ಫೋನ್ ಬಂತು.

"ಸಿಸ್ಟರಮ್ಮ, ಸೊಸಿಗೆ ನೋವು ಬಂದೈತೆ. ಇನ್ನೂ ದಿನ ಐತೆ ಅಂದಿದ್ರಲ್ಲ ನೀವು. ಗುಡಿಸ್ಲಿಗೆ ಕಳ್ಸೀವಿ, ಬಿರ್ರನೆ ಬರ್ರಿ."

ಸೊಸೆ ಸ್ವಪ್ನ ರಾಯದುರ್ಗದ ಕಡೆಯವಳು, ಚೊಚ್ಚಲು ಬಸುರಿ. ಇಬ್ಬರೂ ಸಿಸ್ಟರ್‌ಗಳು ಸ್ಕೂಟಿಯಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಕೂಸಿನ ತಲೆ ಕಾಣುತ್ತಿತ್ತು. ಹೆಣ್ಣು ಮಗು ಹುಟ್ಟಿತು, ಜೋರಾಗಿ ಅತ್ತಿತು. ಪಾಲಮ್ಮ ದೂರದ ಜಾಲಿ ಮರದ ಕೆಳಗೆ ನಿಂತೇ ಕೈ ಮುಗಿದಳು.

ಕೂಸಿನ ಹಿಂದೆಯೇ ಮಾಸು ಬಿದ್ದಿತು. ರಕ್ತ ಮಾತ್ರ ನಿಲ್ಲಲಿಲ್ಲ. ಇಂಜೆಕ್ಷನ್ ಕೊಟ್ಟರೂ ಹರಿಯುತ್ತಲೇ ಇತ್ತು. ಕಲ್ಲಿನಂತೆ ಗಟ್ಟಿಯಾಗಬೇಕಾದ ಗರ್ಭಕೋಶ ಕೈಗೆ ಮೆತ್ತಗೆ ಸಿಗುತ್ತಿತ್ತು. ಜಸಿಂತಾ ಒಂದು ಮುಷ್ಟಿಯನ್ನು ಒಳಗೆ ಒತ್ತಿ, ಇನ್ನೊಂದು ಅಂಗೈಯನ್ನು ಹೊಟ್ಟೆಯ ಮೇಲಿಟ್ಟು, ಎರಡರ ನಡುವೆ ಗರ್ಭಕೋಶವನ್ನು ಅದುಮಿ ಹಿಡಿದಳು. ರಕ್ತ ತಗ್ಗಿತು.

"ಕೈ ತೆಗೆದರೆ ಇವಳು ಉಳಿಯೋದಿಲ್ಲ, ಲೂರ್ದು. ಗಾಡಿ ನೋಡು."

ಆಂಬುಲೆನ್ಸ್ ಬಳ್ಳಾರಿಯ ಕಡೆ ಹೋಗಿತ್ತು. ಸ್ವಪ್ನಳ ಗಂಡ ಈರೇಶ್ ತನ್ನ ಲಗೇಜ್ ಆಟೋ ತಂದ. ಜಸಿಂತಾ ಹಿಡಿದ ಹಿಡಿ ಬಿಡದಂತೆ, ಸ್ವಪ್ನಳನ್ನು ಕಂಬಳಿಯ ಸಮೇತ ಹಿಂದೆ ಮಲಗಿಸಿದರು. ರಸ್ತೆ ಇದ್ದದ್ದು ಹಟ್ಟಿಯ ಆ ಕಡೆ. ನಡುವೆ ಹಟ್ಟಿ, ಅದರ ಮಧ್ಯೆ ಗುಡಿ. ಆಟೋ ಹಟ್ಟಿಯ ಬಾಯಿಗೆ ಬರುವ ಹೊತ್ತಿಗೆ ಪೂಜಾರಿ ಚಿತ್ತಪ್ಪ ದಾರಿಗೆ ಅಡ್ಡ ನಿಂತಿದ್ದ. ಪಾಲಮ್ಮನ ಸ್ವಂತ ಅಣ್ಣ.

"ಹಳ್ಳದ ಕಡೆಯಿಂದ ಹೋಗ್ರಿ."

"ಮರಳಾಗೆ ಗಾಲಿ ಹೂತ್ಕಂತಾವೆ ಮಾವ. ಇವ್ಳು ತಡಿಯಲ್ಲ" ಅಂದ ಈರೇಶ್.

"ನಾನು ಮಾಡಿದ ಕಟ್ಟಳೆ ಅಲ್ಲಲೇ ಇದು. ನಾಳೆ ಕುರಿ ಸತ್ರೆ, ಮಕ್ಳು ಸತ್ರೆ, ಹಟ್ಟಿಯೋರು ಕೇಳೋದು ನನ್ನ." ಚಿತ್ತಪ್ಪನ ದನಿ ಗಡುಸಾಗಿತ್ತು, ಆದರೆ ಆಟೋದಲ್ಲಿ ಮಲಗಿದವಳ ಕಡೆ ಅವನು ನೋಡಲಿಲ್ಲ. ಅವನ ಬೆನ್ನಿಗೆ ಗಂಡಸರು ಸೇರತೊಡಗಿದರು. ಯಾರೋ ಸಿಸ್ಟರ್‌ಗಳ ಕಡೆ ಕೈ ತೋರಿಸಿ ಏನೋ ಅಂದರು.

ಜಸಿಂತಾಳ ಬಾಯಿಯ ತನಕ ಮಾತು ಬಂತು. ಹಲ್ಲು ಕಚ್ಚಿದಳು. ತಾನು ಒಂದು ಮಾತಾಡಿದರೂ ಇದು ತನ್ನ ದೇವರಿಗೂ ಇವರ ದೇವರಿಗೂ ಜಗಳವಾಗುತ್ತದೆ, ಆ ಜಗಳ ಮುಗಿಯುವ ತನಕ ಸ್ವಪ್ನ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ತೋಳು ಜೋಮು ಹಿಡಿಯುತ್ತಿತ್ತು. ಸ್ವಪ್ನಳ ತುಟಿ ಬಿಳುಪೇರಿತ್ತು.

ಅಷ್ಟರಲ್ಲಿ ಪಾಲಮ್ಮ ಆಟೋದ ಹತ್ತಿರ ಬಂದಳು. ಅಲ್ಲಿಯವರೆಗೆ ಯಾರನ್ನೂ ಮುಟ್ಟದೆ ದೂರವೇ ಉಳಿದಿದ್ದ ಅವಳು ಹಿಂದೆ ಹತ್ತಿ ಕೂತು, ಲೂರ್ದುವಿನ ಕೈಯಿಂದ ಕೂಸನ್ನು ತೆಗೆದು ಮಡಿಲಿಗೆ ಹಾಕಿಕೊಂಡಳು.

"ಅಣ್ಣ, ಈಗ ನಾನೂ ಮುಟ್ಟೀನಿ. ನನ್ನೂ ಹಳ್ಳಕ್ಕೆ ಕಳಿಸ್ತೀಯಾ?"

ಚಿತ್ತಪ್ಪ ತಂಗಿಯನ್ನು ನೋಡಿದ. ತಿರುಗಿ ಗುಡಿಗೆ ನಡೆದು, ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಗಂಡಸರು ಒಬ್ಬೊಬ್ಬರಾಗಿ ದಾರಿ ಬಿಟ್ಟರು. ಈರೇಶ್ ಗೇರು ಹಾಕಿದ.

ಮೊಳಕಾಲ್ಮೂರಿನ ಆಸ್ಪತ್ರೆ ಮುಟ್ಟುವವರೆಗೂ ಲೂರ್ದು ತನ್ನ ಮಂಡಿಯನ್ನು ಜಸಿಂತಾಳ ಮೊಣಕೈಗೆ ಆನಿಸಿ ಕೂತಳು. ರಸ್ತೆಯ ಪ್ರತಿ ಗುಂಡಿಗೂ ಹಿಡಿ ಜಾರುವಂತಾಗುತ್ತಿತ್ತು. "ನಿದ್ರಪೋವದ್ದಮ್ಮಾ" ಎಂದು ಜಸಿಂತಾ ಸ್ವಪ್ನಳ ಮನೆಮಾತಿನಲ್ಲೇ ಬೇಡುತ್ತಿದ್ದಳು, ನಿದ್ದೆ ಹೋಗಬೇಡಮ್ಮ ಎಂದು. ಆಸ್ಪತ್ರೆಯಲ್ಲಿ ಡಾಕ್ಟರು "ಇನ್ನು ಬಿಡಿ ಸಿಸ್ಟರ್, ನಾವು ನೋಡ್ಕೊಳ್ತೀವಿ" ಎಂದರೂ ಅವಳ ಬೆರಳು ಬಿಚ್ಚಿಕೊಳ್ಳಲಿಲ್ಲ. ಲೂರ್ದು ಒಂದೊಂದಾಗಿ ಬಿಡಿಸಬೇಕಾಯಿತು.

ರಕ್ತ ಸಿಕ್ಕಿತು. ಸ್ವಪ್ನ ಬದುಕಿದಳು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ರಾಂಪುರದ ತಮ್ಮ ಮನೆಯಲ್ಲೇ ಇರು ಎಂದು ಜಸಿಂತಾ ಎಷ್ಟು ಹೇಳಿದರೂ ಸ್ವಪ್ನ ಒಪ್ಪಲಿಲ್ಲ. "ಹಟ್ಟಿಗೆ ಏನಾನ ಆದ್ರೆ ಎಲ್ಲಾ ನನ್ ಮ್ಯಾಲೆ ಬರ್ತೈತೆ ಸಿಸ್ಟರಮ್ಮ" ಅಂದಳು. ಗುಡಿಸಲಿಗೇ ಮರಳಿದಳು. ಕೂಸನ್ನು ಮುಟ್ಟಿದ್ದ ಪಾಲಮ್ಮನೂ ಹೊರಗೆ. ಜಸಿಂತಾ ಚಾಪೆ ತಂದು ಅವರ ಪಕ್ಕದಲ್ಲಿ ಹಾಸಿದಳು. ಭಾನುವಾರ ಆಗಲೇ ಕಳೆದುಹೋಗಿತ್ತು.

ಮದರ್ ಕಾರು ಮಾಡಿಕೊಂಡು ತಾವೇ ಬಂದರು. ಗುಡಿಸಲು, ಅದಕ್ಕೆ ಬಾಗಿಲಾಗಿ ಕಟ್ಟಿದ ಗೋಣಿತಾಟು, ಬಾಣಂತಿಯ ಪಕ್ಕ ಕೂತ ತಮ್ಮ ಸಿಸ್ಟರ್, ಎಲ್ಲವನ್ನೂ ನೋಡಿದರು.

"ಇಲ್ಲಿ ಕೂತು ಈ ಕಟ್ಟಳೆಗೇ ನೀನು ಬೆಲೆ ಕೊಡ್ತಾ ಇದ್ದೀಯ, ಜಸಿಂತಾ. ಇವರನ್ನ ಒಳಗೆ ಸೇರಿಸಿ ಅಂತ ಹೋರಾಡೋದು ಬಿಟ್ಟು ನೀನೇ ಹೊರಗೆ ಬಂದು ಕೂತಿದ್ದೀಯ."

"ಹೋರಾಡ್ತೀನಿ ಮದರ್. ಅದು ಮುಗಿಯೋ ತನಕ ಹೆರೋರು ಕಾಯೋದಿಲ್ಲ."

"ನಮ್ಮ ಸಭೆಯಲ್ಲಿದ್ದು ಇದನ್ನ ಮಾಡೋಕಾಗಲ್ಲ, ಮಗಳೇ."

"ಗೊತ್ತು."

ಮದರ್ ಅವಳ ತಲೆಯ ಮೇಲೆ ಕೈಯಿಟ್ಟು, ಹೋಗಿ ಕಾರು ಹತ್ತಿದರು. ಕಾರಿನ ಧೂಳು ಇಳಿಯುವವರೆಗೆ ಜಸಿಂತಾ ನಿಂತೇ ಇದ್ದಳು. ಆಮೇಲೆ ಗುಡಿಸಲಿನ ಹಿಂದೆ ಹೋಗಿ ಕೂತು ಅತ್ತಳು. ಹದಿಹರೆಯದಿಂದ ಅವಳಿಗೆ ಮನೆ ಎಂದಿದ್ದದ್ದು ಆ ಕಾನ್ವೆಂಟ್ ಒಂದೇ. ಪಾಲಮ್ಮ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಅವ್ರು ನಿಮ್ ಅವ್ವನೇನ್ರಿ?"

"ಅವ್ವನಂಗೇ."

ಲೂರ್ದುವೂ ಜಸಿಂತಾಳ ಜೊತೆಗೇ ಉಳಿದಳು. ಹಳೆಯ ಸಭೆಯ ಉಡುಪು ತೆಗೆದಿಟ್ಟು ಇಬ್ಬರೂ ಬೂದು ಬಣ್ಣದ ನೂಲಿನ ಸೀರೆ ಉಟ್ಟರು. ಹೊಸದೊಂದು ಸಭೆ ಕಟ್ಟುತ್ತೇವೆ ಎಂದು ಅವರು ಬರೆದ ಅರ್ಜಿಗೆ ಬಿಷಪ್ ವರ್ಷಗಟ್ಟಲೆ ಹೌದು, ಅಲ್ಲ ಎರಡನ್ನೂ ಹೇಳಲಿಲ್ಲ. ಇಬ್ಬರ ಸಭೆ ಎಷ್ಟು ದಿನ ಬಾಳೀತು ಎಂಬುದು ಬಿಷಪ್ಪರ ಅನುಮಾನ. ಮೂರನೆಯವಳು ಬಂದಳು, ನಾಲ್ಕನೆಯವಳು ಬಂದಳು. ಕೊನೆಗೆ ಅವರು ಕರೆಸಿ, ನಿಮ್ಮ ನಿಯಮವೇನು ಎಂದು ಕೇಳಿದಾಗ ಜಸಿಂತಾ ಹೇಳಿದ್ದಿಷ್ಟು: ಹೊರಗೆ ಹಾಕಿದ ಹೆಂಗಸು ಒಳಗೆ ಹೋಗುವ ತನಕ ನಮ್ಮಲ್ಲೊಬ್ಬಳು ಅವಳ ಜೊತೆ ಹೊರಗಿರುತ್ತಾಳೆ. ಬಿಷಪ್ ಅದನ್ನೇ ಕಾಗದದ ಮೇಲೆ ಬರೆಸಿ, ರುಜು ಹಾಕಿದರು.

ಚಿತ್ತಪ್ಪ ಸಾಯುವ ತನಕ ಜಸಿಂತಾಳನ್ನು ಮಾತಾಡಿಸಲಿಲ್ಲ. ಅವನ ಕಾಲದಲ್ಲೇ ಗುಡಿಸಲಿನ ಜಾಗದಲ್ಲಿ ಇಟ್ಟಿಗೆಯ ಕೋಣೆ ಎದ್ದಿತು, ಕರೆಂಟು ಬಂತು. ಕೋಣೆ ಮಾತ್ರ ಈಗಲೂ ಹಟ್ಟಿಯ ಹೊರಗೇ ಇದೆ. ಹೆರಿಗೆಗೆ ಆಸ್ಪತ್ರೆಗೆ ಹೋಗುವವರು ಹೆಚ್ಚಿದ್ದಾರೆ, ಆದರೆ ಮರಳಿ ಬಂದು ಆ ಕೋಣೆಯಲ್ಲಿ ಕೂರುವುದು ತಪ್ಪಿಲ್ಲ. ಸ್ವಪ್ನಳ ಮಗಳು ರಶ್ಮಿತಾ ಸಿದ್ಧಾಪುರದ ಶಾಲೆಗೆ ಹೋಗುತ್ತಾಳೆ.

ಹೊರಗೆ ಕೂತರೆ ಕಟ್ಟಳೆಗೇ ಬೆಲೆ ಕೊಟ್ಟಂತೆ ಎಂದು ಮದರ್ ಆಡಿದ ಮಾತನ್ನು ಈಗ ಕಿರಿಯ ಸಿಸ್ಟರ್‌ಗಳು ಊಟದ ಹೊತ್ತಿಗೆ ಆಡುತ್ತಾರೆ. ಮೊನ್ನೆ ತಳಕಿನ ಕಡೆಯ ಹಟ್ಟಿಯಿಂದ ಫೋನ್ ಬಂದಾಗ, "ಮೊದಲು ಅವಳನ್ನ ಒಳಗೆ ಕರ್ಕೊಳ್ರಿ, ಆಮೇಲೆ ಬರ್ತೀವಿ ಅಂತ ಒಂದ್ಸಲನಾದ್ರೂ ಹೇಳಬಾರದಾ?" ಎಂದು ಎಲ್ಲರಿಗಿಂತ ಚಿಕ್ಕವಳು ಕೇಳಿದಳು.

ಜಸಿಂತಾ ಆಗಲೇ ಸ್ಕೂಟಿ ಅಂಗಳಕ್ಕೆ ಇಳಿಸಿದ್ದಳು. "ನೀನು ಹೇಳೋದೂ ಸರಿ ಐತೆ. ಹತ್ತು, ದಾರೀಲಿ ಜಗಳ ಆಡಾಣ" ಅಂದಳು.