ಇನ್ನೂರು ದಾಟಿದ ನೀರು

ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರಾದ ಹೊಸತು. ನೀರು ನೂರು ಡಿಗ್ರಿಗೆ ಕುದಿಯುತ್ತದೆ ಎಂದು ತೋರಿಸಲು ಶಾಲೆಯಲ್ಲಿ ಥರ್ಮಾಮೀಟರ್ ಇರಲಿಲ್ಲ. ಯಾರ ಮನೆಯಲ್ಲಾದರೂ ಇದ್ದರೆ ತನ್ನಿ ಎಂದಿದ್ದಕ್ಕೆ ಏಳನೇ ಕ್ಲಾಸಿನ ಸವಿತ ಒಂದು ತಂದಳು. ಸ್ಟವ್ ಮೇಲೆ ನೀರು ಕುದಿಯುವ ಹೊತ್ತಿಗೆ ಅದು ಇನ್ನೂರು ದಾಟಿತ್ತು.

"ಪುಸ್ತಕ ತಪ್ಪಾ ಸಾ?" ಎಂದಳು ಸವಿತ. ನಾನು ಪುಸ್ತಕದ ಪುಟ ತಿರುವಿ ಮತ್ತೊಮ್ಮೆ ನೋಡಿದೆ.

ಅಷ್ಟರಲ್ಲಿ ಅವಳಪ್ಪ ಏದುಸಿರು ಬಿಡುತ್ತಾ ಬಂದರು. "ಬ್ಯಾರನ್ ಮನೇಲಿ ಬೆಂಕಿ ಹಾಕಿವ್ನಿ, ಹೊಗೆಸೊಪ್ಪು ಬೇಯ್ತಾ ಅದೆ ಮೇಷ್ಟ್ರೇ. ಥರ್ಮಾಮೀಟ್ರಿಲ್ದೆ ಕಾವು ಎಂಗೆ ನೋಡಾನ?"

ಬೋರ್ಡಿನ ಮೇಲೆ ನಾನು ಬರೆದಿದ್ದ ನೂರನ್ನು ಅವರು ನೋಡಿದರು. "ನಮ್ಮ ಥರ್ಮಾಮೀಟ್ರು ಫ್ಯಾರನ್‌ಹೀಟು. ನಿಮ್ಮ ಸೆಲ್ಸಿಯಸ್ ನೂರು ಇದ್ರಲ್ಲಿ ಇನ್ನೂರ ಹನ್ನೆರಡು ಕಣ್ರೀ. ಇನ್ಮೇಲೆ ನಮ್ಮನ್ನೊಂದು ಮಾತು ಕೇಳಿ."

ಥರ್ಮಾಮೀಟರ್ ತರಿಸುವ ಮೊದಲು ಕೇಳಬೇಕಿತ್ತೋ, ಪಾಠ ಮಾಡುವ ಮೊದಲು ಕೇಳಬೇಕಿತ್ತೋ, ಅದನ್ನು ಮಾತ್ರ ಅವರು ಬಿಡಿಸಿ ಹೇಳಲಿಲ್ಲ.